ಮಾತು ಕೇಳದ ಜೀವಕೋಶ

ಮಂಡ್ಯದ ಹತ್ತಿರದ ನಮ್ಮೂರಿನಲ್ಲಿರುವ ನನ್ನ ಸೋದರತ್ತೆಗೆ ಕಳೆದ ವರ್ಷ ಎಡಗೆನ್ನೆಯ ಒಳಮೈಯಲ್ಲಿ ಒಂದು ಹುಣ್ಣಾಯಿತು. ಎಲೆ, ಅಡಿಕೆ, ಸುಣ್ಣದ ಜೊತೆಗೆ ಹೊಗೆಸೊಪ್ಪಿನ ಚೂರೊಂದನ್ನು ಅದೇ ಕೆನ್ನೆಯ ಸಂದಿಯಲ್ಲಿ ಒತ್ತಿಟ್ಟುಕೊಂಡೇ ನಾಟಿ, ಕಳೆ, ಕೊಯ್ಲುಗಳನ್ನೆಲ್ಲ ಮಾಡುತ್ತ ನಲವತ್ತು ವರ್ಷ ಕಳೆದವರು ಅವರು. ಹತ್ತಿರದ ಪೇಟೆಯ ವೈದ್ಯರೊಬ್ಬರು ನಾಲ್ಕು ತಿಂಗಳು ವಿಟಮಿನ್ ಮಾತ್ರೆಗಳನ್ನೇ ಕೊಟ್ಟರು. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷಿಸಲೇಬೇಕು ಎಂಬುದು ಮೈಸೂರಿನ ರೋಗಶಾಸ್ತ್ರ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಲೈಡು ತಯಾರಿಸುತ್ತಿರುವ ನನಗೆ ಚೆನ್ನಾಗಿ ಗೊತ್ತು. ಆದರೆ ಹುಣ್ಣಿನ ಸುದ್ದಿ ನನ್ನನ್ನು ಮುಟ್ಟಿದ್ದೇ ಯುಗಾದಿಗೆ ಊರಿಗೆ ಹೋದಾಗ.

ಕ್ಯಾನ್ಸರ್ ಎಂದು ಬಯಾಪ್ಸಿಯ ವರದಿ ಬಂದ ಸಂಜೆ ಅತ್ತೆ ಜಗುಲಿಯ ಮೇಲೆ ಕುಳಿತು, ಇದು ತನ್ನೊಳಕ್ಕೆ ಎಲ್ಲಿಂದ ಬಂತು ಎಂದು ಕೇಳಿದರು. ಹುಳವೋ, ಗಾಳಿಯೋ, ಯಾರದೋ ಕಣ್ಣೋ ಎಂಬ ಅನುಮಾನ ಅವರಿಗಿತ್ತು. ಇದು ಹೊರಗಿನಿಂದ ಬಂದದ್ದಲ್ಲ, ನಿಮ್ಮದೇ ಕೆನ್ನೆಯ ಜೀವಕೋಶ, ನಿಮ್ಮ ಮೈಯಲ್ಲೇ ಹುಟ್ಟಿ ಬೆಳೆದದ್ದು ಎಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೇ ಅಂದ್ಮೇಲೆ ನನ್ ಮಾತ್ ಯಾಕ್ಲಾ ಕೇಳಕಿಲ್ಲ?" ಎಂದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಕ್ಯಾನ್ಸರ್ ಕೋಶಕ್ಕೂ ಸಹಜ ಕೋಶಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ನೇರವಾಗಿ ಕೇಳಲು ಸಾಧ್ಯವಿಲ್ಲವೆಂದು ಈಗ ಅನ್ನಿಸುತ್ತದೆ. ಅವರಿಗೆ ಅಂದು ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಕಾಣುವುದನ್ನೇ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಬರುವ ಅಂಗಾಂಶದ ಚೂರನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ, ಎರಡು ಬಣ್ಣಗಳಲ್ಲಿ ಅದ್ದುತ್ತೇವೆ. ಮಧ್ಯ ಅಮೆರಿಕದ ಮರವೊಂದರ ಕಾಂಡದಿಂದ ತೆಗೆಯುವ ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೇರಳೆ ಮಿಶ್ರಿತ ನೀಲಿಯನ್ನು ಕೊಡುತ್ತದೆ. ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿಯನ್ನು ಕೊಡುತ್ತದೆ. ಆರೋಗ್ಯವಂತ ಕೆನ್ನೆಯ ಒಳಪದರವನ್ನು ಹೀಗೆ ನೋಡಿದರೆ ಅದರ ಶಿಸ್ತು ಮನಸ್ಸನ್ನು ಹಿಡಿಯುತ್ತದೆ. ತಳದಲ್ಲಿ ಒತ್ತಾಗಿ ನಿಂತ ಚಿಕ್ಕ ಕೋಶಗಳ ಒಂದು ಸಾಲು ಇರುತ್ತದೆ. ವಿಭಜನೆ ನಡೆಯುವುದು ಬಹುಮಟ್ಟಿಗೆ ಅಲ್ಲಿ ಮಾತ್ರ. ಅಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಅಗಲವಾಗಿ, ಚಪ್ಪಟೆಯಾಗಿ, ಕೊನೆಗೆ ಮೇಲ್ಮೈ ತಲುಪಿ ಜೊಲ್ಲಿನಲ್ಲಿ ಉದುರಿಹೋಗುತ್ತದೆ. ಮೇಲಿನ ಕೋಶವೊಂದನ್ನು ಹತ್ತಿರದಿಂದ ನೋಡಿದರೆ ವಿಸ್ತಾರವಾದ ಗುಲಾಬಿ ಬಯಲಿನ ನಡುವೆ ಒಂದು ಚಿಕ್ಕ ನೀಲಿ ಚುಕ್ಕೆ, ಅಗಲವಾದ ತಟ್ಟೆಯ ಮಧ್ಯೆ ಇಟ್ಟ ಕಡಲೆಕಾಳಿನಂತೆ, ಕಾಣುತ್ತದೆ.

ಅತ್ತೆಯ ಸ್ಲೈಡಿನಲ್ಲಿ ಆ ಶಿಸ್ತು ಇರಲಿಲ್ಲ. ಕೋಶಕೇಂದ್ರಗಳು ಹಿಗ್ಗಿ ಕೋಶದ ಮುಕ್ಕಾಲು ಜಾಗವನ್ನು ಆಕ್ರಮಿಸಿದ್ದವು. ಅವುಗಳ ಅಂಚು ನಯವಾಗಿರದೆ ತಗ್ಗುದಿಣ್ಣೆಯಾಗಿತ್ತು. ಬಣ್ಣ ಕಪ್ಪಿಗೆ ತಿರುಗುವಷ್ಟು ಗಾಢವಾಗಿತ್ತು. ಪಕ್ಕಪಕ್ಕದ ಎರಡು ಕೋಶಗಳೂ ಒಂದೇ ಅಳತೆಯಲ್ಲಿರಲಿಲ್ಲ. ತಳದ ಸಾಲಿನಲ್ಲಿ ಮಾತ್ರ ಆಗಬೇಕಾದ ವಿಭಜನೆ ಎಲ್ಲೆಂದರಲ್ಲಿ ನಡೆದಿತ್ತು. ಇಂಥ ಕೋಶಗಳು ಮಾಡುವುದಾದರೆ ಉದುರಿಹೋಗುವ ಮೇಲ್ಪದರದಲ್ಲಷ್ಟೇ ಮಾಡಬೇಕಾದ ಕೆರಾಟಿನ್ (ಉಗುರು, ಕೂದಲುಗಳಲ್ಲಿರುವ ಗಟ್ಟಿ ಪ್ರೋಟೀನು) ತಯಾರಿಕೆ ಮಾಂಸದ ಆಳದಲ್ಲಿ, ಈರುಳ್ಳಿಯ ಸುರುಳಿಯಂತಹ ಗುಲಾಬಿ ಮುತ್ತುಗಳಾಗಿ ಹೆಪ್ಪುಗಟ್ಟಿತ್ತು. ಆ ಮುತ್ತುಗಳನ್ನು ಕಂಡಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಏಕೆಂದರೆ ಆ ಕೋಶಕ್ಕೆ ತನ್ನ ಮೂಲ ಕಸುಬು ಮರೆತಿಲ್ಲ, ಅದನ್ನು ಎಲ್ಲಿ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದಷ್ಟೇ ಮರೆತುಹೋಗಿದೆ.

ಒಂದು ಕಡೆ ಇನ್ನೂ ವಿಚಿತ್ರವಾದ ನೋಟವಿತ್ತು. ಸಹಜ ಕೋಶ ಇಬ್ಭಾಗವಾಗುವಾಗ, ಆನುವಂಶಿಕ ಬರಹವಾದ ಡಿಎನ್‌ಎಯನ್ನು ಹೊತ್ತ ವರ್ಣತಂತುಗಳು ಎರಡು ಧ್ರುವಗಳತ್ತ ಸಮನಾಗಿ ಎಳೆಯಲ್ಪಡುತ್ತವೆ. ಇಲ್ಲಿ ಅವು ಮೂರು ದಿಕ್ಕಿಗೆ ಎಳೆಯಲ್ಪಟ್ಟು ಮೂರು ಕಾಲಿನ ನಕ್ಷತ್ರದಂತೆ ನಿಂತಿದ್ದವು. ಹೀಗೆ ಹಂಚಿಹೋದ ಮೇಲೆ ಮರಿಕೋಶಗಳಿಗೆ ತಲಾ 46 ವರ್ಣತಂತುಗಳು, ಅಂದರೆ ಮನುಷ್ಯನ ಕೋಶದಲ್ಲಿ ಇರಬೇಕಾದಷ್ಟು, ಸಿಗುವುದು ಹೇಗೆ ಸಾಧ್ಯ? ಜರ್ಮನಿಯ ಜೀವವಿಜ್ಞಾನಿ ಥಿಯೋಡರ್ ಬೊವೇರಿ ಕಡಲ ಮುಳ್ಳುಚೆಂಡುಗಳ ಮೊಟ್ಟೆಗಳಲ್ಲಿ ಇಂಥದೇ ಅಸಮ ಹಂಚಿಕೆಯನ್ನು ಗಮನಿಸಿ, ಗಂತಿಗಳ (ಕೋಶಗಳು ಮಿತಿಮೀರಿ ಬೆಳೆದು ಆದ ಗಡ್ಡೆಗಳ) ಮೂಲ ವರ್ಣತಂತುಗಳ ಏರುಪೇರಿನಲ್ಲಿ ಇರಬಹುದೆಂದು 1914ರಲ್ಲೇ ಬರೆದಿದ್ದರು. ಡಿಎನ್‌ಎಯ ರಚನೆ ಆಗ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ನೆನೆದರೆ ಆ ಮನುಷ್ಯನ ನೋಟದ ಆಳಕ್ಕೆ ತಲೆಬಾಗಬೇಕೆನಿಸುತ್ತದೆ. ಕೋಶಕೇಂದ್ರ ಹಿಗ್ಗಿ ಕಪ್ಪಾಗಿ ಕಾಣುವುದಕ್ಕೂ ಒಂದು ಮುಖ್ಯ ಕಾರಣ ಇದೇ: ಅದರೊಳಗೆ ಇರಬೇಕಾದುದಕ್ಕಿಂತ ಹೆಚ್ಚು ವರ್ಣತಂತುಗಳು, ತುಂಡಾಗಿ ತಪ್ಪು ಜಾಗದಲ್ಲಿ ಬೆಸೆದುಕೊಂಡ ವರ್ಣತಂತುಗಳು ತುಂಬಿಕೊಂಡಿರುತ್ತವೆ.

ಇನ್ನು ಅತ್ತೆಯ ಪ್ರಶ್ನೆಗೆ ಬರುತ್ತೇನೆ. ಮಾತು ಕೇಳುವುದೆಂದರೇನು? ನಮ್ಮ ಮೈಯ ಯಾವ ಸಹಜ ಕೋಶವೂ ತನ್ನಷ್ಟಕ್ಕೆ ತಾನೇ ವಿಭಜನೆಗೆ ಇಳಿಯುವುದಿಲ್ಲ. ಬೆಳವಣಿಗೆಯ ಸಂದೇಶವನ್ನು ಹೊತ್ತ ಪ್ರೋಟೀನೊಂದು ಹೊರಗಿನಿಂದ ಬಂದು ಕೋಶದ ಮೇಲ್ಮೈಯ ಗ್ರಾಹಕಕ್ಕೆ ತಗುಲಬೇಕು. ಆ ಸುದ್ದಿ ಒಳಗಿನ ಪ್ರೋಟೀನುಗಳ ಸಾಲಿನ ಮೂಲಕ ಕೋಶಕೇಂದ್ರದವರೆಗೆ ಸಾಗಬೇಕು. ಆ ಸಾಲಿನಲ್ಲಿ ರಾಸ್ ಎಂಬ ಚಿಕ್ಕ ಪ್ರೋಟೀನೊಂದಿದೆ. ಅದು ಸಂದೇಶ ಬಂದಾಗ ಹೊತ್ತಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾನೇ ಆರಿಹೋಗುವ ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನ ಕೋಶಗಳಲ್ಲಿ ಈ ರಾಸ್ ಜೀನಿನಲ್ಲಿ, ಅಂದರೆ ಆ ಪ್ರೋಟೀನನ್ನು ತಯಾರಿಸುವ ವಿಧಾನ ಬರೆದಿರುವ ಡಿಎನ್‌ಎ ಭಾಗದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿರುವುದನ್ನು 1982ರಲ್ಲಿ ಕಂಡುಹಿಡಿದರು. ಪ್ರೋಟೀನಿನ ಹನ್ನೆರಡನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಎಂಬ ಇನ್ನೊಂದು ಬಂದು ಕುಳಿತಿತ್ತು. ಅಷ್ಟರಿಂದಲೇ ಸ್ವಿಚ್ಚು ಆರದೆ ಉಳಿದಿತ್ತು. ಹೊರಗಿನಿಂದ ಯಾರೂ ಕರೆಯದಿದ್ದರೂ ಒಳಗೆ ಕರೆ ಮೊಳಗುತ್ತಲೇ ಇರುತ್ತದೆ.

ಅಕ್ಕಪಕ್ಕದವರ ಮಾತೂ ಹಾಗೆಯೇ. ಗಾಜಿನ ತಟ್ಟೆಯಲ್ಲಿ ಸಹಜ ಕೋಶಗಳನ್ನು ಬೆಳೆಸಿದರೆ ಅವು ಹರಡುತ್ತಾ ಹೋಗಿ, ಒಂದಕ್ಕೊಂದು ಮೈ ತಾಗಿ, ತಟ್ಟೆಯ ತುಂಬ ಒಂದೇ ಪದರವಾದ ಕೂಡಲೇ ನಿಂತುಬಿಡುತ್ತವೆ. ಆ ಪದರದ ಮೇಲೆ ಗೀರು ಎಳೆದರೆ ಗೀರಿನ ಅಂಚಿನವು ಮತ್ತೆ ಬೆಳೆದು, ಬಿರುಕು ಮುಚ್ಚಿ, ಮತ್ತೆ ನಿಲ್ಲುತ್ತವೆ. ನಮ್ಮ ಗಾಯಗಳು ಮಾಯುವ ಬಗೆಗೆ ಇದು ಹತ್ತಿರವಾದದ್ದು. ಕ್ಯಾನ್ಸರ್ ಕೋಶಗಳಾದರೋ ಮೈ ತಾಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದರ ಮೇಲೊಂದು ಏರಿ ರಾಶಿಯಾಗುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕ್ಯಾನ್ಸರ್ ಕೋಶವೆಂದರೆ ಅತಿವೇಗವಾಗಿ ಬೆಳೆಯುವ ಕೋಶ ಎಂದು ನಮ್ಮ ಪ್ರಯೋಗಾಲಯದ ಕಿಟಕಿಯಲ್ಲಿ ವರದಿ ಪಡೆಯಲು ನಿಂತವರು ಮಾತಾಡಿಕೊಳ್ಳುವುದನ್ನು ಕೇಳುತ್ತಿರುತ್ತೇನೆ. ನಮ್ಮ ಸಣ್ಣಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಎಷ್ಟೋ ಗಂತಿಗಳು ಆ ವೇಗದ ಹತ್ತಿರವೂ ಬರುವುದಿಲ್ಲ. ಕೀಮೋಥೆರಪಿಯಲ್ಲಿ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತಕಣಗಳು ಕುಸಿಯುವುದು ಇದಕ್ಕಾಗಿಯೇ: ಕೂದಲಿನ ಬುಡ, ಬಾಯಿಯ ಪದರ, ಮೂಳೆಯ ಮಜ್ಜೆ ಇವೆಲ್ಲ ಸಹಜವಾಗಿಯೇ ಬಿರುಸಾಗಿ ವಿಭಜನೆಯಾಗುವ ಜಾಗಗಳು, ಹಾಗಾಗಿ ವಿಭಜನೆಯನ್ನು ಹೊಡೆಯುವ ಔಷಧಿ ಅವನ್ನೂ ಹೊಡೆಯುತ್ತದೆ. ಕರುಳಿನಲ್ಲಿ ಹುಟ್ಟಿದಷ್ಟೇ ಕೋಶಗಳು ಸಾಯುತ್ತವೆ. ಗಂತಿಯಲ್ಲಿ ಈ ಜಮಾಖರ್ಚು ತಾಳೆಯಾಗುವುದಿಲ್ಲ.

ಸಾಯುವುದೂ ಮಾತು ಕೇಳುವುದರಲ್ಲೇ ಸೇರಿದೆ. ವಯಸ್ಕ ಮನುಷ್ಯನ ದೇಹದಲ್ಲಿ ದಿನವೊಂದಕ್ಕೆ ಹಲವು ಸಾವಿರ ಕೋಟಿ ಕೋಶಗಳು ತಾವಾಗಿಯೇ, ಸುತ್ತಲಿನವುಗಳಿಗೆ ಊತ ಉರಿಯಾಗದಂತೆ, ಮುದುಡಿ ಚೂರಾಗಿ ಸಾಯುತ್ತವೆ. 1972ರಲ್ಲಿ ಇದಕ್ಕೆ ಅಪಾಪ್ಟೋಸಿಸ್ ಎಂಬ ಹೆಸರಿಟ್ಟರು. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಮಾತು ಅದು. ಗರ್ಭದಲ್ಲಿ ನಮ್ಮ ಬೆರಳುಗಳ ನಡುವಿನ ಪೊರೆ ಹೀಗೆ ಸತ್ತುಹೋದದ್ದರಿಂದಲೇ ನಮಗೆ ಬಿಡಿಬಿಡಿ ಬೆರಳುಗಳಿವೆ. ಡಿಎನ್‌ಎ ಕೆಟ್ಟ ಕೋಶವೊಂದು ವಿಭಜನೆಗೆ ಹೊರಟಾಗ ಅದನ್ನು ತಡೆದು, ದುರಸ್ತಿಗೆ ಅವಕಾಶ ಕೊಟ್ಟು, ದುರಸ್ತಿಯಾಗದಿದ್ದರೆ ಸಾಯಲು ಹೇಳುವ ಪ್ರೋಟೀನು ಪಿ53. ಅದನ್ನು 1979ರಲ್ಲಿ ಗುರುತಿಸಿದರು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನು ಕೆಟ್ಟಿರುತ್ತದೆ, ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರಿನಲ್ಲಂತೂ ಬಹಳ ಸಾಮಾನ್ಯವಾಗಿ.

ಪಿ53 ಎಂದಾಗಲೆಲ್ಲ ನನಗೆ ನಮ್ಮ ದಸರೆಯ ಆನೆಗಳು ನೆನಪಾಗುತ್ತವೆ. ಅದಕ್ಕೆ ಕಾರಣವಿದೆ. ಪ್ರತಿಯೊಂದು ಕೋಶವೂ ಕ್ಯಾನ್ಸರಾಗುವ ಸಾಧ್ಯತೆಯುಳ್ಳದ್ದಾದರೆ, ಅರಮನೆಯಿಂದ ಬನ್ನಿಮಂಟಪದತ್ತ ತಾಲೀಮಿಗೆ ಹೊರಡುವ ನಾಲ್ಕೈದು ಟನ್ ತೂಕದ ಆನೆಗೆ ನಮಗಿಂತ ಹತ್ತಾರು ಪಟ್ಟು ಹೆಚ್ಚು ಕೋಶಗಳಿರುವುದರಿಂದ, ಅಷ್ಟೇ ಹೆಚ್ಚು ಕ್ಯಾನ್ಸರ್ ಬರಬೇಕಿತ್ತು. ಹಾಗಾಗುವುದಿಲ್ಲ, ಆನೆಗಳು ಕ್ಯಾನ್ಸರಿನಿಂದ ಸಾಯುವುದು ನಮಗಿಂತ ಎಷ್ಟೋ ಕಡಿಮೆ. ಪಿ53 ಜೀನು ನಮ್ಮಲ್ಲಿ ತಂದೆಯಿಂದೊಂದು ತಾಯಿಯಿಂದೊಂದು ಎಂದು ಒಂದೇ ಜೋಡಿ ಇದ್ದರೆ, ಆಫ್ರಿಕಾದ ಆನೆಯಲ್ಲಿ ಅದರ ಸುಮಾರು 20 ಜೋಡಿಗಳೂ ಏಷ್ಯಾದ ಆನೆಯಲ್ಲಿ 15ರಿಂದ 20 ಜೋಡಿಗಳೂ ಇರುವುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬಹುತೇಕವು ಮೂಲ ಜೀನಿನ ನಕಲುಗಳು. ವಿಕಿರಣಕ್ಕೆ ಒಡ್ಡಿದಾಗ ಆನೆಯ ರಕ್ತದ ಬಿಳಿಕಣಗಳು ಮನುಷ್ಯನವಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸಾವನ್ನು ಆರಿಸಿಕೊಂಡವು. ಕೆಟ್ಟ ಕೋಶವನ್ನು ಉಳಿಸಿಕೊಳ್ಳುವುದಕ್ಕಿಂತ ಬೇಗ ಬಿಟ್ಟುಕೊಡುವುದು ಆನೆಯ ಮೈ ಕಂಡುಕೊಂಡ ದಾರಿ.

ಎಷ್ಟು ಬಾರಿ ವಿಭಜನೆಯಾಗಬಹುದೆಂಬುದಕ್ಕೂ ಸಹಜ ಕೋಶದಲ್ಲಿ ಒಂದು ಎಲ್ಲೆಯಿದೆ. ಇದನ್ನು ಅತ್ತೆಗೆ ಹೇಳಿದ್ದರೆ ತಕ್ಷಣ ಅರ್ಥವಾಗುತ್ತಿತ್ತು, ಏಕೆಂದರೆ ಅವರು ಕೂಳೆ ಕಬ್ಬು ಬೆಳೆದವರು. ತನಿ ಬೆಳೆ ಕಡಿದ ಮೇಲೆ ಅದೇ ಬುಡದಿಂದ ಒಂದನೆಯ ಕೂಳೆ, ಎರಡನೆಯ ಕೂಳೆ ಎಂದು ಚಿಗುರುತ್ತಾ ಹೋಗಿ, ಮೂರು ನಾಲ್ಕನೆಯದರ ಹೊತ್ತಿಗೆ ಬುಡ ಸೊರಗಿ, ಇಳುವರಿ ಕುಸಿದು, ಗದ್ದೆಯನ್ನು ಅಗೆದು ಹೊಸ ಬಿತ್ತನೆ ತುಂಡು ನಾಟಿ ಮಾಡಬೇಕಾಗುತ್ತದೆ. ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದ್ದು ಇದನ್ನೇ: ಮನುಷ್ಯನ ಸಹಜ ಕೋಶಗಳನ್ನು ಎಷ್ಟೇ ಚೆನ್ನಾಗಿ ಸಾಕಿದರೂ ಸುಮಾರು 40ರಿಂದ 60 ಬಾರಿ ಇಮ್ಮಡಿಯಾದ ಮೇಲೆ ಅವು ನಿಲ್ಲುತ್ತವೆ. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ರಕ್ಷಣೆಯ ಭಾಗ ಪ್ರತಿ ವಿಭಜನೆಯಲ್ಲೂ ತುಸು ಸವೆಯುವುದರಿಂದ ಈ ಎಲ್ಲೆ ಬರುತ್ತದೆ. ಸವೆದದ್ದನ್ನು ತುಂಬಿಕೊಡುವ ಟೆಲೊಮರೇಸ್ ಎಂಬ ಕಿಣ್ವ ವಯಸ್ಕರ ಬಹುತೇಕ ಕೋಶಗಳಲ್ಲಿ ಮಲಗಿರುತ್ತದೆ. ಹೆಚ್ಚಿನ ಕ್ಯಾನ್ಸರ್ ಕೋಶಗಳು ಅದನ್ನು ಎಬ್ಬಿಸಿಕೊಂಡಿರುತ್ತವೆ.

ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ಮಹಿಳೆಯ ಗರ್ಭಕಂಠದ ಗಂತಿಯಿಂದ 1951ರಲ್ಲಿ, ಅವರನ್ನು ಕೇಳದೆಯೇ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಆ ತಾಯಿ ಅದೇ ವರ್ಷ ಅಕ್ಟೋಬರಿನಲ್ಲಿ, 31ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಆ ಕೋಶಗಳಲ್ಲಿ 46ರ ಬದಲು 70ಕ್ಕೂ ಹೆಚ್ಚು ವರ್ಣತಂತುಗಳಿವೆ, ಟೆಲೊಮರೇಸ್ ಎಚ್ಚರವಾಗಿದೆ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪ್ರೋಟೀನುಗಳು ಪಿ53ಯನ್ನು ಹುಟ್ಟಿದ ಹಾಗೆಲ್ಲ ನಾಶಮಾಡುತ್ತಿವೆ. ಮುಗಿಯದ ಕೂಳೆ ಅದು.

ಸಕ್ಕರೆಯ ವಿಷಯದಲ್ಲಿ ವಾಟ್ಸ್ಯಾಪಿನಲ್ಲಿ ಓಡಾಡುವ ಸಂದೇಶಗಳಿಂದಾಗಿ ಎರಡು ಮಾತು ಹೇಳಲೇಬೇಕು. ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಗಮನಿಸಿದಂತೆ, ಅನೇಕ ಕ್ಯಾನ್ಸರ್ ಕೋಶಗಳು ಆಮ್ಲಜನಕ ಸಾಕಷ್ಟಿದ್ದರೂ ಗ್ಲೂಕೋಸನ್ನು ಪೂರ್ತಿ ದಹಿಸದೆ ಅರ್ಧದಲ್ಲೇ ಲ್ಯಾಕ್ಟಿಕ್ ಆಮ್ಲವಾಗಿಸಿ ಹೊರಹಾಕುತ್ತವೆ. ಕಬ್ಬನ್ನು ಗಾಣಕ್ಕೆ ಒಂದೇ ಸುತ್ತು ಕೊಟ್ಟು, ರಸವಿರುವ ಸಿಪ್ಪೆಯನ್ನು ಎಸೆದು, ಹೊಸ ಕಬ್ಬಿಗೆ ಕೈಹಾಕಿದಂತೆ ಇದು. ಒಂದು ಗ್ಲೂಕೋಸಿನಿಂದ 30ರ ಆಸುಪಾಸಿನಲ್ಲಿ ಸಿಗಬೇಕಾದ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಈ ದಾರಿಯಲ್ಲಿ 2 ಮಾತ್ರ ಸಿಗುತ್ತದೆ. ಆದರೆ ಹೊಸ ಕೋಶ ಕಟ್ಟಲು ಬೇಕಾದ ಸಾಮಗ್ರಿ ಬೇಗ ಒದಗುತ್ತದೆ. ಪೆಟ್ ಸ್ಕ್ಯಾನಿನಲ್ಲಿ ವಿಕಿರಣಶೀಲ ಫ್ಲೋರಿನ್ ಅಂಟಿಸಿದ ಸಕ್ಕರೆಯನ್ನು ಚುಚ್ಚಿ ಗಂತಿಯನ್ನು ಹುಡುಕುವುದು ಈ ಹಸಿವನ್ನು ನಂಬಿ. ಹಾಗೆಂದು ಸಕ್ಕರೆ ಬಿಟ್ಟರೆ ಗಂತಿ ಹಸಿದು ಸಾಯುತ್ತದೆ ಎಂಬುದು ಸುಳ್ಳು. ಅದೇ ಸ್ಕ್ಯಾನಿನಲ್ಲಿ ಮಿದುಳೂ ಬೆಳಗುತ್ತದೆ. ನಾವು ಉಪವಾಸವಿದ್ದರೂ ಯಕೃತ್ತು ರಕ್ತಕ್ಕೆ ಗ್ಲೂಕೋಸನ್ನು ಒದಗಿಸುತ್ತಲೇ ಇರುತ್ತದೆ. ಈ ಸಂದೇಶಗಳನ್ನು ನಂಬಿ ಊಟ ಬಿಟ್ಟು, ಚಿಕಿತ್ಸೆಯನ್ನು ತಾಳಲಾರದಷ್ಟು ಬಡವಾದವರನ್ನು ನೋಡಿ ನನಗೆ ಬಹಳ ನೋವಾಗಿದೆ.

ಹಸಿವಿದ್ದರೆ ಸಾಲದು, ಸರಬರಾಜೂ ಬೇಕು. ರಕ್ತನಾಳವಿಲ್ಲದೆ ಗಂತಿ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ವಿ.ಸಿ. ನಾಲೆಯಿಂದ ತನ್ನ ಗದ್ದೆಗೆ ತಾನೇ ತೂಬು ಕೊರೆದುಕೊಂಡಂತೆ ಗಂತಿ ರಾಸಾಯನಿಕ ಸಂದೇಶಗಳನ್ನು ಬಿಟ್ಟು ಹತ್ತಿರದ ರಕ್ತನಾಳಗಳನ್ನು ತನ್ನತ್ತ ಚಿಗುರಿಸಿಕೊಳ್ಳುತ್ತದೆ. ಅದರ ನಾಳಗಳು ಸೊಟ್ಟಸೊಟ್ಟಾಗಿ ಸೋರುವಂಥವು.

ಇಷ್ಟೆಲ್ಲ ಇದ್ದೂ ಒಂದು ಗಂತಿ ಕ್ಯಾನ್ಸರ್ ಅಲ್ಲದೆ ಇರಬಹುದು. ಗರ್ಭಕೋಶದ ಫೈಬ್ರಾಯ್ಡ್ ತೆಂಗಿನಕಾಯಿಯಷ್ಟಾದರೂ ತನ್ನ ಎಲ್ಲೆಯೊಳಗೇ ಇರುತ್ತದೆ. ನಮ್ಮ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಅತಿ ಹೆಚ್ಚು ಹೊತ್ತು ಹುಡುಕುವುದು ತಳದ ಸಾಲಿನ ಕೆಳಗಿರುವ, ತಳಪೊರೆ ಎಂಬ ನವಿರಾದ ಗೆರೆಯನ್ನು. ಕೋಶಗಳು ಎಷ್ಟೇ ವಿಕಾರವಾಗಿದ್ದರೂ ಆ ಗೆರೆಯ ಮೇಲೆಯೇ ಇದ್ದರೆ ಒಂದು ಮಾತು. ಅದನ್ನು ಕರಗಿಸಿ ಕೆಳಕ್ಕೆ ಇಳಿದಿದ್ದರೆ ಬೇರೆಯೇ ಮಾತು. ಅಕ್ಕಪಕ್ಕದ ಕೋಶಗಳನ್ನು ಬೆಸೆದಿಡುವ ಇ-ಕ್ಯಾಡ್‌ಹೆರಿನ್ ಎಂಬ ಅಂಟಿನಂಥ ಪ್ರೋಟೀನನ್ನು ಬಿಟ್ಟುಕೊಟ್ಟು, ಬಿಡಿಯಾಗಿ ಜರುಗಿ, ದುಗ್ಧನಾಳವನ್ನೋ (ಅಂಗಾಂಶಗಳ ದ್ರವವನ್ನು ಸಾಗಿಸುವ ನಾಳ) ರಕ್ತನಾಳವನ್ನೋ ಹೊಕ್ಕ ಕೋಶ ಬೇರೆಡೆ ನೆಲೆಯೂರಬಹುದು. ಬಾಯಿಯ ಕ್ಯಾನ್ಸರ್ ಮೊದಲು ಹುಡುಕುವುದು ಕುತ್ತಿಗೆಯ ದುಗ್ಧಗ್ರಂಥಿಗಳನ್ನು. ಬೀಜ ಎಲ್ಲ ದಿಕ್ಕಿಗೂ ಹಾರಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು. ಕ್ಯಾನ್ಸರಿನ ಸಾವುಗಳಲ್ಲಿ ಹೆಚ್ಚಿನವು ಈ ಹರಡುವಿಕೆಯಿಂದಲೇ ಆಗುತ್ತವೆ.

ಇಷ್ಟು ವರ್ಷ ಸ್ಲೈಡುಗಳನ್ನು ನೋಡಿದ ಮೇಲೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವುದು ಬೇರೊಂದು ಸಂಗತಿ. ಮೇಲೆ ಹೇಳಿದ ಗುಣಗಳಲ್ಲಿ ಹೆಚ್ಚಿನವನ್ನು ಕ್ಯಾನ್ಸರ್ ಕೋಶ ಹೊಸದಾಗಿ ಕಂಡುಹಿಡಿದದ್ದಲ್ಲ. ಬಿಳಿ ರಕ್ತಕಣ ನಾಳದ ಗೋಡೆಯನ್ನು ದಾಟಿ ಸೋಂಕಿರುವಲ್ಲಿಗೆ ಹೋಗುತ್ತದೆ. ಗಾಯದ ಅಂಚಿನ ಚರ್ಮಕೋಶ ಹಿಡಿತ ಸಡಿಲಿಸಿ ಜರುಗುತ್ತದೆ, ಅಲ್ಲಿಗೆ ಹೊಸ ರಕ್ತನಾಳಗಳು ಚಿಗುರುತ್ತವೆ. ಭ್ರೂಣದ ಕೋಶಗಳು ಬೆನ್ನಿನ ಬಳಿಯಿಂದ ಹೊರಟು ಮುಖದವರೆಗೆ ಸಾಗುತ್ತವೆ. ಟೆಲೊಮರೇಸ್ ಅಲ್ಲಿ ಎಚ್ಚರವಾಗಿಯೇ ಇರುತ್ತದೆ. ಬಸಿರಿನಲ್ಲಿ ಬೆಳೆಯುವ ಮಾಸುವಿನ ಕೋಶಗಳನ್ನು ಗಮನಿಸಿ: ಅವು ಗರ್ಭಕೋಶದ ಗೋಡೆಯನ್ನು ಕೊರೆದು ಒಳಹೊಗುತ್ತವೆ, ತಾಯಿಯ ರಕ್ತನಾಳಗಳನ್ನು ತಮಗೆ ಬೇಕಾದಂತೆ ಅಗಲಿಸಿಕೊಳ್ಳುತ್ತವೆ, ಅರ್ಧ ತಂದೆಯ ಗುಣದವಾದರೂ ತಾಯಿಯ ರೋಗನಿರೋಧಕ ಕಣಗಳು ತಮ್ಮನ್ನು ಕೊಲ್ಲದಂತೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡುತ್ತವೆ. ಎಷ್ಟೋ ಗಂತಿಗಳು ಒಡ್ಡುವುದೂ ಅದೇ ಪ್ರೋಟೀನನ್ನು. ಇಂಥ ತಡೆಗಳನ್ನು ತೆಗೆದು ರೋಗನಿರೋಧಕ ಶಕ್ತಿಯನ್ನು ಬಿಡುಗಡೆ ಮಾಡುವ ದಾರಿ ತೋರಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಮಾಸು ಇಷ್ಟೆಲ್ಲ ಮಾಡಿಯೂ ಒಂದು ಆಳಕ್ಕೆ ಹೋಗಿ ನಿಲ್ಲುತ್ತದೆ. ಹೆರಿಗೆಯಾದಾಗ ಕಳಚಿಕೊಂಡು ಹೊರಬರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಇರುವುದೆಲ್ಲ ನಮ್ಮವೇ ಸಾಮರ್ಥ್ಯಗಳು. ಇಲ್ಲದಿರುವುದು ಎಲ್ಲಿ ನಿಲ್ಲಬೇಕೆಂಬ ಸೂಚನೆಯನ್ನು ಗ್ರಹಿಸುವ ಶಕ್ತಿ. ಅದಕ್ಕೇ ಅದನ್ನು ಕೊಲ್ಲುವ ಬಹುತೇಕ ಔಷಧಿಗಳು ನಮ್ಮನ್ನೂ ನೋಯಿಸುತ್ತವೆ.

ಅತ್ತೆಯ ಪ್ರಶ್ನೆಗೆ ಈಗ ನನ್ನಲ್ಲಿರುವ ಉತ್ತರ ಇದು: ಆ ಮಾತನ್ನು ಕೇಳಿಸಿಕೊಳ್ಳುವ ಗ್ರಾಹಕಗಳು, ಸ್ವಿಚ್ಚುಗಳು, ತಡೆಗಳು ಎಲ್ಲವೂ ಡಿಎನ್‌ಎಯಲ್ಲಿ ಬರೆದಿರುತ್ತವೆ, ನಲವತ್ತು ವರ್ಷ ಒಂದೇ ಜಾಗದಲ್ಲಿ ಒತ್ತಿಟ್ಟ ಹೊಗೆಸೊಪ್ಪು ಮತ್ತು ಅಡಿಕೆ ಆ ಬರಹವನ್ನು ಅಲ್ಲೊಂದು ಇಲ್ಲೊಂದು ಅಕ್ಷರವಾಗಿ ಅಳಿಸುತ್ತಾ ಬಂದವು. ಒಂದು ಅಕ್ಷರ ಅಳಿದರೆ ಏನೂ ಆಗುವುದಿಲ್ಲ. ಒಂದೇ ಕೋಶದ ಸಂತತಿಯಲ್ಲಿ ಬೇಕಾದ ಹಲವು ಕಡೆ ಅಳಿಯಲು ಅಷ್ಟು ವರ್ಷ ಹಿಡಿಯಿತು.

ಶಸ್ತ್ರಚಿಕಿತ್ಸೆ ಆಷಾಢದಲ್ಲಿ ಆಯಿತು. ತೆಗೆದ ಭಾಗದ ಹೊರ ಅಂಚಿಗೆಲ್ಲ ಕಪ್ಪು ಮಸಿ ಬಳಿದು, ಆ ಮಸಿಯಿಂದ ಅತಿ ಹತ್ತಿರದ ಕ್ಯಾನ್ಸರ್ ಕೋಶ ಎಷ್ಟು ದೂರವಿದೆ ಎಂದು ಅಳೆಯುವುದು ಕ್ರಮ. 5 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಂಚು ಸ್ವಚ್ಛವೆಂದು ಬರೆಯುತ್ತಾರೆ. ಆ ಅಚ್ಚನ್ನು ಹೆರೆಯಲು ನಾನೇ ಕೇಳಿ ತೆಗೆದುಕೊಂಡೆ. ಬಣ್ಣ ಒಣಗಿದ ಮೇಲೆ ವೈದ್ಯರು ನೋಡುವ ಮೊದಲು ಒಮ್ಮೆ ಕಣ್ಣಿಟ್ಟೆ. ಮಸಿಯ ಕಡೆಯಿಂದ ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ ಬಂದಂತೆ ಕೊಬ್ಬು, ಸ್ನಾಯು, ಮೇಲೆ ಸಾಲುಗಟ್ಟಿದ ಸಹಜ ಕೋಶಗಳು, ಗುಲಾಬಿ ಬಯಲಿನ ನಡುವೆ ಚಿಕ್ಕ ನೀಲಿ ಚುಕ್ಕೆಗಳು ಬಹಳ ದೂರದವರೆಗೆ ಬಂದವು. ಆಮೇಲೆ ಮೊದಲ ಕಪ್ಪು ಕೋಶಕೇಂದ್ರ ಕಂಡಿತು. ವೈದ್ಯರ ಅಳತೆಯಲ್ಲಿ ಅದು 7 ಮಿಲಿಮೀಟರ್ ಇತ್ತು.